ಮಗ ಕೇಳಿದ ನಾಲ್ಕು ಟೈರು

ಹಾಸನದಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಮಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಮನೆಯಲ್ಲಿರುವ ಆರು ವರ್ಷದ ಸಣ್ಣ ಕಾರನ್ನು ಅಪ್ಪನಿಗಿಂತ ಹೆಚ್ಚಾಗಿ ಅವನೇ ಓಡಿಸುತ್ತಾನೆ. ಈಗ ಗೆಳೆಯರೊಡನೆ 'ಆಟೋಕ್ರಾಸ್' ಎಂಬ ಸ್ಪರ್ಧೆಗೆ ಹೆಸರು ಕೊಡಬೇಕಂತೆ. ಅದಕ್ಕೆ ಮೊದಲು ನಾಲ್ಕು ಹೊಸ 'ಸಾಫ್ಟ್' ಟೈರು ಬೇಕಂತೆ. ಅವುಗಳ ಬೆಲೆ ಅವನ ಒಂದು ಸೆಮಿಸ್ಟರಿನ ಹಾಸ್ಟೆಲ್ ಖರ್ಚಿಗಿಂತ ಜಾಸ್ತಿ. "ಇವರು ಕಾರಿನ ಕೀಲಿಕೈಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಅಪ್ಪ ಮಗ ಮಾತು ಬಿಟ್ಟು ಹದಿನೈದು ದಿನವಾಯಿತು. ಟೈರು ಕೊಡಿಸಲೋ, ಕಾರು ಮುಟ್ಟಬೇಡ ಎನ್ನಲೋ ನೀವೇ ಹೇಳಿ" ಎಂದು ಕೇಳಿದ್ದಾರೆ.

ತಾಯೀ, ಎರಡೂ ಬೇಡ. ಹುಡುಗ ಸ್ಪರ್ಧೆಗೆ ಹೋಗಲಿ, ಆದರೆ ಈಗ ಕಾರಿನಲ್ಲಿರುವ ಟೈರಿನಲ್ಲೇ ಹೋಗಲಿ. ಅವು ಹಳೆಯದಾಗಿದ್ದರೆ ಅದೇ ಅಳತೆಯ ಒಳ್ಳೆಯ ಸಾಮಾನ್ಯ ಟೈರು ಹಾಕಿಸಿ. ಕಾರಣ ಹೇಳುತ್ತೇನೆ, ಬೀರುವಿನ ಕೀಲಿ ಇಟ್ಟುಕೊಂಡವರಿಗೂ ಓದಿ ಹೇಳಿ.

ಮೊದಲು ಆಟೋಕ್ರಾಸ್ ಎಂದರೇನು ನೋಡೋಣ. ಹೆಸರು ಕೇಳಿ ಸಿನಿಮಾದ ರೇಸನ್ನು ಕಲ್ಪಿಸಿಕೊಳ್ಳಬೇಡಿ. ವಿಶಾಲವಾದ ಬಯಲಿನಲ್ಲೋ, ಹಳೆಯ ವಿಮಾನ ಪಟ್ಟಿಯಲ್ಲೋ ಕೋನ್‌ಗಳನ್ನಿಟ್ಟು ಅಂಕುಡೊಂಕಾದ ದಾರಿ ಮಾಡಿರುತ್ತಾರೆ. ಸಾಮಾನ್ಯವಾಗಿ ಕಾರುಗಳು ಒಂದಾದ ಮೇಲೊಂದರಂತೆ ಓಡುತ್ತವೆ, ಪೈಪೋಟಿ ಗಡಿಯಾರದ ಜೊತೆ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ನಡೆಸುವ ಇಂಥ ಸ್ಪರ್ಧೆಯಲ್ಲಿ ಒಂದು ಕೋನ್ ಬೀಳಿಸಿದರೆ ನಿಮ್ಮ ಸಮಯಕ್ಕೆ 2 ಸೆಕೆಂಡು ಸೇರಿಸುತ್ತಾರೆ. ಒಂದು ಸುತ್ತು ಹೆಚ್ಚೂಕಡಿಮೆ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಬಹುಪಾಲು ದಾರಿ ಎರಡನೇ ಗೇರಿನಲ್ಲೇ. ಟ್ರ್ಯಾಕಿನ ಓಟ ಬೇರೆ. ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ಆರಂಭವಾದ ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿಲೋಮೀಟರ್. ಅಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಡುವಿಲ್ಲದೆ ಓಡಿಸಬೇಕು. ವೇಗವೂ ಹೆಚ್ಚು, ಟೈರು ಕಾಯುವುದೂ ಹೆಚ್ಚು.

ಹೆತ್ತವರಿಗೆ ಇನ್ನೊಂದು ಮಾತು. ಇಪ್ಪತ್ತು ವರ್ಷದ ಹುಡುಗನಿಗೆ ವೇಗದ ಆಸೆ ಹುಟ್ಟಿದೆ ಎಂದರೆ ಅದು ಬೀರುವಿನ ಬೀಗಕ್ಕೆ ಅಡಗುವುದಿಲ್ಲ. ಗೆಳೆಯನ ಗಾಡಿಯಲ್ಲಿ, ರಾತ್ರಿ ಹನ್ನೊಂದರ ಮೇಲೆ, ಖಾಲಿ ಹೆದ್ದಾರಿಯಲ್ಲಿ ಅದು ತೀರುತ್ತದೆ. ಅಲ್ಲಿ ಕೋನ್ ಇರುವುದಿಲ್ಲ, ಲಾರಿ ಇರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಪೈಪೋಟಿ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ ಕೂಡ. ನಮ್ಮಲ್ಲಿ ಮೋಟಾರು ಕ್ರೀಡೆಗೆ 1971ರಲ್ಲಿ ಹುಟ್ಟಿದ ರಾಷ್ಟ್ರೀಯ ಒಕ್ಕೂಟ, ಎಫ್.ಎಂ.ಎಸ್.ಸಿ.ಐ., ಇದೆ. ಅದರ ಮನ್ನಣೆ ಇರುವ ಸ್ಪರ್ಧೆಯೇ ಎಂದು ವಿಚಾರಿಸಿಕೊಂಡು ಕಳಿಸಿ. ಕಾರಿನ ವಿಮಾ ಪತ್ರವನ್ನೂ ಒಮ್ಮೆ ತೆಗೆದು ಓದಿ. ರೇಸು, ವೇಗ ಪರೀಕ್ಷೆ ಇವುಗಳಲ್ಲಿ ಆದ ನಷ್ಟಕ್ಕೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ. ಇದನ್ನು ಮಗನಿಗೆ ಮೊದಲೇ ಹೇಳಿದರೆ ಅವನ ಬಲಗಾಲು ತಾನಾಗಿಯೇ ಸ್ವಲ್ಪ ಹಗುರವಾಗುತ್ತದೆ.

ಈಗ ಟೈರಿನ ವಿಷಯ. ಒಂದು ಸಣ್ಣ ಲೆಕ್ಕ ಮಾಡಿ. ಕಾರಿನ ತೂಕ 1000 ಕಿಲೋ ಎಂದುಕೊಳ್ಳಿ. ಒಂದೊಂದು ಟೈರಿನ ಮೇಲೆ 250 ಕಿಲೋ. ಬಂಕಿನ ಹುಡುಗ '33' ಎಂದು ಹಾಕುವ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ ಒತ್ತಡ. ಭಾಗಿಸಿದರೆ 108 ಚದರ ಸೆಂಟಿಮೀಟರ್ ಬರುತ್ತದೆ. ನಮ್ಮ ಅಂಚೆ ಕಾರ್ಡು 14 ಸೆಂಟಿಮೀಟರ್ ಉದ್ದ, 9 ಅಗಲ, ಅಂದರೆ 126. ಅಂಚೆ ಕಾರ್ಡಿಗಿಂತ ತುಸು ಚಿಕ್ಕದಾದ ನಾಲ್ಕು ತುಂಡು ರಬ್ಬರಿನ ಮೇಲೆ ನಿಮ್ಮ ಇಡೀ ಕುಟುಂಬ ಧರ್ಮಸ್ಥಳಕ್ಕೆ ಹೋಗಿ ಬರುತ್ತಿದೆ! (ಟೈರಿನ ಗೋಡೆಯೂ ಒಂದಿಷ್ಟು ಭಾರ ಹೊರುವುದರಿಂದ ಇದು ಅಂದಾಜು ಲೆಕ್ಕ. ಆದರೆ ತೀರಾ ತಪ್ಪಲ್ಲ.)

ಈ ತುಂಡಿಗೆ ಇರುವ ಹಿಡಿತ ಒಂದೇ ಜೇಬಿನ ದುಡ್ಡಿನ ಹಾಗೆ. ಬ್ರೇಕಿಗೆ ಪೂರ್ತಿ ಖರ್ಚು ಮಾಡಿದರೆ ತಿರುಗುವುದಕ್ಕೆ ಉಳಿಯುವುದಿಲ್ಲ. ತಿರುವಿನ ನಡುವೆ ಜೋರಾಗಿ ಬ್ರೇಕ್ ಒತ್ತಿದ ಹೊಸಬನ ಕಾರು ಸ್ಟೇರಿಂಗ್ ತಿರುಗಿಸಿದ್ದರೂ ನೇರ ಹೋಗುವುದು ಇದಕ್ಕೇ. ಆಟೋಕ್ರಾಸ್ ಕಲಿಸುವುದು ಮುಖ್ಯವಾಗಿ ಈ ಜೇಬಿನ ಲೆಕ್ಕವನ್ನು. ಸಾಮಾನ್ಯ ಟೈರು ಈ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಿಡಿತ ಮುಗಿಯುತ್ತಾ ಬಂದಂತೆ ಮೊದಲು ಸಣ್ಣಗೆ ಕುಂಯ್‌ಗುಟ್ಟುತ್ತದೆ, ಆಮೇಲೆ ಕಿರುಚುತ್ತದೆ, ಆಮೇಲಷ್ಟೇ ಜಾರುತ್ತದೆ. ಸ್ಟೇರಿಂಗಿನಲ್ಲಿ ಹಗುರವಾಗುವುದೂ ಕೈಗೆ ಗೊತ್ತಾಗುತ್ತದೆ. ಅಂಟು ಜಾತಿಯ ಮೃದು ಟೈರು ಹೆಚ್ಚು ವೇಗದವರೆಗೆ ಹಿಡಿದುಕೊಂಡಿರುತ್ತದೆ, ಸದ್ದು ಕಡಿಮೆ. ಅಪ್ಪಟ ರೇಸ್ ಟೈರುಗಳಲ್ಲಂತೂ ಹಿಡಿತಕ್ಕೂ ಜಾರುವುದಕ್ಕೂ ನಡುವಿನ ಎಚ್ಚರಿಕೆ ತೀರಾ ಕಿರಿದು. ಕಲಿಯುವವನು ತಪ್ಪು ಮಾಡಿಯೇ ಮಾಡುತ್ತಾನೆ. 60 ಕಿಲೋಮೀಟರ್ ವೇಗದಲ್ಲಿ ಮಾಡುವ ತಪ್ಪನ್ನು 70ರಲ್ಲಿ ಮಾಡಿದರೆ ಕಾರಿನಲ್ಲಿರುವ ಶಕ್ತಿ ನೂರಕ್ಕೆ 36ರಷ್ಟು ಹೆಚ್ಚಾಗಿರುತ್ತದೆ. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ನಿಮ್ಮ ಮಗನೇ ಹತ್ತನೇ ತರಗತಿಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದಾನೆ.

ಇನ್ನೂ ಒಂದು ಕಾರಣವಿದೆ. ಒಳ್ಳೆಯ ಟೈರು ತಪ್ಪನ್ನು ಮುಚ್ಚಿಹಾಕುತ್ತದೆ. ತಡವಾಗಿ ತಿರುಗಿಸಿದರೂ ಕಾರು ತಿರುಗಿಬಿಡುತ್ತದೆ, ಗಡಿಯಾರವೂ ಒಳ್ಳೆಯ ಸಮಯ ತೋರಿಸುತ್ತದೆ. ಹುಡುಗ ತಾನು ಕಲಿತೆ ಎಂದುಕೊಳ್ಳುತ್ತಾನೆ. ಮೊದಲ ವರ್ಷ ಅವನು ಕಳೆದುಕೊಳ್ಳುವ ಸೆಕೆಂಡುಗಳು ಟೈರಿನಲ್ಲಿಲ್ಲ. ಎಲ್ಲಿ ನೋಡಬೇಕು, ಎಲ್ಲಿ ಬ್ರೇಕ್ ಬಿಡಬೇಕು ಎಂಬುದರಲ್ಲಿವೆ. ಟೈರಿನ ದುಡ್ಡಿನಲ್ಲಿ ಅವನು ನಾಲ್ಕಾರು ಸ್ಪರ್ಧೆಗಳ ಪ್ರವೇಶ ಶುಲ್ಕ ಕಟ್ಟಬಹುದು. ಓಟಕ್ಕೆ ಮುಂಚೆ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಲು ಬಿಡುತ್ತಾರಲ್ಲ, ಆಗ ಅನುಭವಸ್ಥರೊಬ್ಬರ ಹಿಂದೆ ಎರಡು ಸಲ ನಡೆಯಲಿ. ಅದಕ್ಕೆ ಕಾಸೂ ಬೇಡ.

ಗೆಳೆಯರು ಹೇಳುವ '200 ಟ್ರೆಡ್‌ವೇರ್' ಎಂಬ ಮಾತಿನ ಅರ್ಥವನ್ನೂ ತಿಳಿದುಕೊಳ್ಳಿ. ಇದು ಅಮೆರಿಕ ಸರ್ಕಾರ ಮಾಡಿದ ಸವೆತದ ಅಂಕ. ಟೆಕ್ಸಾಸಿನ ಸ್ಯಾನ್ ಏಂಜೆಲೋ ಸುತ್ತ 400 ಮೈಲಿಯ ದಾರಿಯಲ್ಲಿ ಒಟ್ಟು 7,200 ಮೈಲಿ ಓಡಿಸಿ, ಒಂದು ಮಾದರಿ ಟೈರಿನ ಸವೆತದೊಡನೆ ಹೋಲಿಸುತ್ತಾರೆ. ಮಾದರಿಗೆ 100 ಎಂದಿಟ್ಟುಕೊಂಡರೆ 300ರ ಟೈರು ಅದರ ಮೂರು ಪಟ್ಟು ಬಾಳಬೇಕು. ಮನೆ ಕಾರುಗಳ ಟೈರಿನಲ್ಲಿ 300ರಿಂದ 500ರವರೆಗೆ ಸಾಮಾನ್ಯ. ಅಂಕ ಇಳಿದಷ್ಟೂ ರಬ್ಬರು ಮೃದು, ಹಿಡಿತ ಹೆಚ್ಚು, ಆಯುಸ್ಸು ಕಡಿಮೆ ಎಂಬುದು ಸ್ಥೂಲ ನಂಬಿಕೆ. ಅಮೆರಿಕದ ಕ್ಲಬ್ಬು 'ಸ್ಟ್ರೀಟ್' ವರ್ಗದಲ್ಲಿ 200ಕ್ಕಿಂತ ಕಡಿಮೆ ಅಂಕದ ಟೈರನ್ನು ಬಿಡುವುದಿಲ್ಲ. ಆದ್ದರಿಂದ ಸರಿಯಾಗಿ 200 ಎಂದು ಅಚ್ಚೊತ್ತಿದ ಅಂಟು ಟೈರುಗಳು ಅಲ್ಲಿ ಹುಟ್ಟಿಕೊಂಡಿವೆ. ಅಂಕ ಹಾಕುವುದು ಕಂಪನಿಯೇ. ಹಾಗಾಗಿ ಒಂದು ಕಂಪನಿಯ 300ನ್ನು ಇನ್ನೊಂದರ 300ರ ಜೊತೆ ತಕ್ಕಡಿಯಲ್ಲಿಟ್ಟು ತೂಗಲಾಗದು. ಅಲ್ಲಿ ಎಂ.ಎಸ್. ಓದುತ್ತಾ ಹಳೆಯ ಕಾರು ಕೊಂಡು ಭಾನುವಾರ ಕೋನ್ ಸುತ್ತುವ ನಮ್ಮ ಹುಡುಗರಿಗೂ ನನ್ನ ಸಲಹೆ ಇದೇ: ಮೊದಲ ವರ್ಷ ಕಾರಿನಲ್ಲಿರುವ ಟೈರೇ ಸಾಕು, 200ರದ್ದು ಎರಡನೇ ವರ್ಷಕ್ಕೆ.

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ಟೈರಿನ ಪಕ್ಕದಲ್ಲಿ '185/65 ಆರ್ 15 88 ಎಚ್' ಎಂಬಂತೆ ಬರೆದಿರುತ್ತದೆ. 185 ಮಿಲಿಮೀಟರ್ ಅಗಲ. ಗೋಡೆಯ ಎತ್ತರ ಅದರ ನೂರಕ್ಕೆ 65. 15 ಇಂಚಿನ ರಿಮ್. 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ತಡೆಯಬಲ್ಲದು. ಕಾರಿನ ಬಾಗಿಲ ಚೌಕಟ್ಟಿನಲ್ಲೋ ಕೈಪಿಡಿಯಲ್ಲೋ ಹೇಳಿರುವ ಅಳತೆ ಬಿಡಬೇಡಿ, ಕೊನೆಯ ಎರಡು ಗುರುತುಗಳಲ್ಲಿ ಹೇಳಿದ್ದಕ್ಕಿಂತ ಕೆಳಗಿಳಿಯಬೇಡಿ. ಅಗಲ ಟೈರು ಹಾಕಿ ಚಂದ ನೋಡುವ ಚಟ ಸ್ಟೇರಿಂಗನ್ನು ಭಾರ ಮಾಡುತ್ತದೆ, ಪೆಟ್ರೋಲನ್ನೂ ಕುಡಿಯುತ್ತದೆ. ನಾಲ್ಕೂ ಒಂದೇ ಜಾತಿಯವಿರಲಿ. ಮುಂದಕ್ಕೆ ಮಾತ್ರ ಎರಡು ಹೊಸದು ಹಾಕಿಸಿ ಹಿಂದೆ ನುಣ್ಣಗಾದವನ್ನೇ ಬಿಟ್ಟರೆ, ತಿರುವಿನಲ್ಲಿ ಕಾರಿನ ಬಾಲ ತಲೆಯನ್ನು ಹಿಂದಿಕ್ಕಲು ನೋಡುತ್ತದೆ. ರೀಟ್ರೆಡ್ ಮಾಡಿದ್ದು, ಯಾರೋ ತೆಗೆದುಹಾಕಿದ ಸೆಕೆಂಡ್ ಹ್ಯಾಂಡ್ ಟೈರು ಈ ಕೆಲಸಕ್ಕೆ ಬೇಡವೇ ಬೇಡ.

ವಯಸ್ಸು ನೋಡುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ನಾನೂ ಮರೆತಿದ್ದೆ. ಮೊದಲ ಸಲ ಟ್ರ್ಯಾಕಿಗೆ ಹೋಗುವಾಗ ಪರಿಚಯದವರೊಬ್ಬರ ಗ್ಯಾರೇಜಿನಲ್ಲಿ ಬಿದ್ದಿದ್ದ ಎರಡು ಟೈರು ಸಿಕ್ಕವು. ಗೆರೆಗಳು ಹೊಸದರಂತೆ ಆಳವಾಗಿದ್ದವು, ಅಗ್ಗವಾಗಿಯೂ ಸಿಕ್ಕವು. ಹಿಗ್ಗಿನಿಂದ ಹಾಕಿಸಿಕೊಂಡೆ. ಮೂರನೇ ಸುತ್ತಿನಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲುವ ಬದಲು ತಿಪ್ಪರಲಾಗ ಹಾಕಿದ ಹಾಗೆ ತಿರುಗಿ ಪಕ್ಕದ ಮಣ್ಣಿಗಿಳಿಯಿತು. ನನಗೇನೂ ಆಗಲಿಲ್ಲ, ಮುಖ ಮಾತ್ರ ಕೆಂಪಾಯಿತು. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಬಗ್ಗಿ ಟೈರಿನ ಪಕ್ಕ ಉಜ್ಜಿ ನಾಲ್ಕಂಕಿ ತೋರಿಸಿದರು. ಮೊದಲೆರಡು ಅಂಕಿ ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ನನ್ನವು ಒಂಬತ್ತು ವರ್ಷದ ಮುದುಕರು. ರಬ್ಬರು ಇಟ್ಟಲ್ಲೇ ಗಟ್ಟಿಯಾಗುತ್ತದೆ. ಗೆರೆ ಇದ್ದ ಮಾತ್ರಕ್ಕೆ ಹಿಡಿತ ಇರುವುದಿಲ್ಲ. ಐದಾರು ವರ್ಷ ದಾಟಿದ ಟೈರನ್ನು ನಾನೀಗ ಟ್ರ್ಯಾಕಿಗೆ ಒಯ್ಯುವುದಿಲ್ಲ. ನಿಮ್ಮ ಕಾರಿಗೆ ಆರು ವರ್ಷ ಎಂದಿದ್ದೀರಿ. ಟೈರು ಮೊದಲಿನವೇ ಆಗಿದ್ದರೆ ಬದಲಿಸಲೇಬೇಕು; ಸ್ಪರ್ಧೆಗಲ್ಲ, ನಿಮ್ಮ ಯಜಮಾನರು ಆಫೀಸಿಗೆ ಹೋಗಿ ಬರುವುದಕ್ಕೆ.

ಗಾಳಿಯ ಸಂಗತಿ ಪಿ.ಯು.ಸಿ. ಮಕ್ಕಳಿಗೆ ಒಳ್ಳೆಯ ಲೆಕ್ಕ. ಬೆಳಿಗ್ಗೆ 27 ಡಿಗ್ರಿಯಲ್ಲಿ 32 ಗಾಳಿ ಹಾಕಿದಿರಿ. ಟ್ರ್ಯಾಕಿನಲ್ಲಿ ಓಡಿ ಟೈರಿನ ಒಳಗಿನ ಗಾಳಿ 77 ಡಿಗ್ರಿಗೆ ಏರಿತು. ಗೇಜು ಎಷ್ಟು ತೋರಿಸುತ್ತದೆ? ವಾತಾವರಣದ 14.7 ಕೂಡಿಸಿ 46.7, ಅದನ್ನು 300ರಿಂದ ಭಾಗಿಸಿ 350ರಿಂದ ಗುಣಿಸಿದರೆ 54.5, ಮತ್ತೆ 14.7 ಕಳೆದರೆ ಸುಮಾರು 40! ಇಷ್ಟು ಉಬ್ಬಿದ ಟೈರು ನಡುವಿನಲ್ಲಷ್ಟೇ ನೆಲ ಮುಟ್ಟುತ್ತದೆ. ಆದ್ದರಿಂದ ಟ್ರ್ಯಾಕಿನಲ್ಲಿ ಕಾರು ಬಿಸಿಯಾಗಿ ಒಳಗೆ ಬಂದ ಕೂಡಲೇ ಅಳೆದು ಸ್ವಲ್ಪ ಗಾಳಿ ಬಿಡುತ್ತಾರೆ. ಆಟೋಕ್ರಾಸಿನಲ್ಲಿ ಇದರ ತಿರುಗುಮುರುಗು. ಓಟ ಒಂದೇ ನಿಮಿಷ, ಟೈರು ಕಾಯುವುದಿಲ್ಲ, ಆದರೆ ಗಕ್ಕನೆ ತಿರುಗುವಾಗ ಗೋಡೆ ಮಡಚಿಕೊಳ್ಳುತ್ತದೆ. ಕಂಪನಿ ಹೇಳಿದ್ದಕ್ಕಿಂತ ಮೂರ್ನಾಲ್ಕು ಹೆಚ್ಚು ಹಾಕಿ ಶುರು ಮಾಡಬಹುದು, ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ಮಾತ್ರ ದಾಟಬಾರದು. ಟೈರಿನ ಅಂಚಿನಿಂದ ಗೋಡೆಗೆ ಇಳಿಯುವಂತೆ ಸೀಮೆಸುಣ್ಣದ ಗೀಟು ಎಳೆದು ಒಂದು ಸುತ್ತು ಓಡಿಸಿ ನೋಡಿ. ಗೀಟು ಗೋಡೆಯವರೆಗೂ ಅಳಿಸಿದ್ದರೆ ಗಾಳಿ ಸಾಲದು. ಅಂಚಿನ ಮೇಲೂ ಹಾಗೇ ಉಳಿದಿದ್ದರೆ ಹೆಚ್ಚಾಯಿತು. ಒಂದು ಒಳ್ಳೆಯ ಗೇಜು, ಒಂದು ಸೀಮೆಸುಣ್ಣ: ನಾನು ಕೊಡಿಸುವುದಾದರೆ ಇವೆರಡನ್ನು.

ನಮ್ಮ ಕಡೆಯ ಆಟೋಕ್ರಾಸ್ ಎಷ್ಟೋ ಸಲ ಡಾಂಬರಿನ ಮೇಲಲ್ಲ, ಮಣ್ಣಿನ ಮೇಲೆ ನಡೆಯುತ್ತದೆ. ಹೆಸರು ಕೊಡುವ ಮುನ್ನ ಇದನ್ನು ಕೇಳಿ. ಮಣ್ಣಿನಲ್ಲಿ ಅಂಟು ಟೈರು ಎರಡೇ ಸುತ್ತಿಗೆ ಕೆಸರು ಮೆತ್ತಿಕೊಂಡು ನುಣ್ಣಗಿನ ಲಾಡು ಆಗುತ್ತದೆ. ಆಳವಾದ ಗೆರೆಗಳ ಸಾಮಾನ್ಯ ಟೈರೇ ಅದಕ್ಕಿಂತ ಮೇಲು. ಓಟದ ನಂತರ ಗೋಡೆಯಲ್ಲಿ ಕಲ್ಲು ಕೊಯ್ದ ಗಾಯವಿದೆಯೇ ಎಂದು ಕೈಯಾಡಿಸಿ ನೋಡಲಿ.

ಕೊನೆಗೆ, ಅದೇ ಕಾರಿನಲ್ಲಿ ಮನೆಗೆ ಬರಬೇಕಲ್ಲ? ಹಾಸನದವರಿಗೆ ಮಳೆಯ ವಿಷಯ ನಾನು ಹೇಳಬೇಕಾಗಿಲ್ಲ. ಟೈರಿನ ಗೆರೆ ಇರುವುದು ನೀರನ್ನು ಪಕ್ಕಕ್ಕೆ ತಳ್ಳಲು. ಅಂಟು ಟೈರುಗಳಲ್ಲಿ ಗೆರೆ ಕಡಿಮೆ, ಸವೆಯುವುದೂ ಬೇಗ. ಹೊಸ ಟೈರಿನಲ್ಲಿ ಗೆರೆಯ ಆಳ ಸುಮಾರು 8 ಮಿಲಿಮೀಟರ್, ಕಾನೂನಿನ ಕನಿಷ್ಠ 1.6. ಶಿರಾಡಿ ಘಾಟಿಯಲ್ಲಿ ಜುಲೈ ತಿಂಗಳ ಮಳೆಗೆ 1.6ನ್ನು ನಂಬಿ ಇಳಿಯಲು ನಾನಂತೂ ಸಿದ್ಧನಿಲ್ಲ. ಹೊರಡುವ ಮುನ್ನ, ಟೈರು ತಣ್ಣಗಾದ ಮೇಲೆ, ಗಾಳಿಯನ್ನು ಮೊದಲಿನಷ್ಟಕ್ಕೆ ತಂದುಕೊಳ್ಳಲಿ.

ಅಂದ ಹಾಗೆ, ಸ್ಪರ್ಧೆಗೆ ಮುಂಚೆ ಡಿಕ್ಕಿ ಖಾಲಿ ಮಾಡಿಸುತ್ತಾರೆ. ಜಾಕಿ, ನೀರಿನ ಕ್ಯಾನು, ಸ್ಟೆಪ್ನಿ ಎಲ್ಲ ಕೆಳಗಿಳಿಸಬೇಕು. ಸಂಜೆ ಅವನ್ನೆಲ್ಲ ಎಣಿಸಿ ತುಂಬಿಕೊಳ್ಳಲು ಹೇಳಿ. ನಾನು ಒಮ್ಮೆ ಸ್ಟೆಪ್ನಿಯನ್ನು ಟ್ರ್ಯಾಕಿನ ಮರದ ಕೆಳಗೇ ಬಿಟ್ಟು ಬಂದಿದ್ದೆ. ಕೃಷ್ಣಗಿರಿ ದಾಟಿದ ಮೇಲೆ ಪಂಕ್ಚರ್ ಆದಾಗಲೇ ಅದು ನೆನಪಾದದ್ದು.