ಹಿಂದೆ ನೋಡುತ್ತಾ ಮುಂದೆ ಸಾಗಿದ ಹುಡುಗರು

ಕಾಲೇಜು ಸೇರಿದ ಮಗನೋ ಮಗಳೋ ಸಂಜೆ ಆಟದ ಮೈದಾನದಿಂದ ತಡವಾಗಿ ಬಂದರೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ: ‘ಆಟ ಆಡಿದರೆ ಹೊಟ್ಟೆ ತುಂಬುತ್ತದೆಯೇ?’ ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಸಾಲ ಮಾಡಿ ಫೀಸು ಕಟ್ಟುವ ಅಪ್ಪ ಅಮ್ಮ ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಹೊಟ್ಟೆಯ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು ಆಟಕ್ಕಿಳಿದ ವಿದ್ಯಾರ್ಥಿಗಳೂ ಇದ್ದಾರೆ. ಈ ವಾರ ಅಂಥ ಒಂಬತ್ತು ಹುಡುಗರ, ಅವರನ್ನು ಬೆಳೆಸಿದ ದೋಣಿಮನೆಯೊಂದರ ಕಥೆ.

ಅಮೆರಿಕದ ಪಶ್ಚಿಮ ಕರಾವಳಿಯ ಸಿಯಾಟಲ್ ನಗರದಲ್ಲಿದೆ ವಾಷಿಂಗ್ಟನ್ ವಿಶ್ವವಿದ್ಯಾನಿಲಯ. (ರಾಜಧಾನಿ ವಾಷಿಂಗ್ಟನ್ ಬೇರೆ, ಈ ವಾಷಿಂಗ್ಟನ್ ರಾಜ್ಯ ಬೇರೆ.) ಕ್ಯಾಂಪಸ್ಸಿನ ಪಕ್ಕದಲ್ಲೇ ದೊಡ್ಡ ಸರೋವರ. 1903ರಲ್ಲಿ ಇಲ್ಲಿ ದೋಣಿ ಸ್ಪರ್ಧೆ ಶುರುವಾಯಿತು. ಆಗ ಆ ದೇಶದಲ್ಲಿ ರೋಯಿಂಗ್ ಎಂದರೆ ಪೂರ್ವ ತೀರದ ಹಳೆಯ, ಸಿರಿವಂತ ವಿಶ್ವವಿದ್ಯಾನಿಲಯಗಳ ಸೊತ್ತು. ಪಶ್ಚಿಮದ ಈ ಹುಡುಗರನ್ನು ಕೇಳುವವರೇ ಇರಲಿಲ್ಲ.

ಎಂಟು ಹುಟ್ಟು, ಒಂದು ದನಿ

ಈ ಸ್ಪರ್ಧೆಯ ದೋಣಿ ನಮ್ಮ ಹರಿಗೋಲಿನಂತೆ ಗುಂಡಗಿಲ್ಲ. ಸುಮಾರು ಅರವತ್ತು ಅಡಿ ಉದ್ದ, ಅಗಲ ಮಾತ್ರ ಎರಡೇ ಅಡಿ. ಒಬ್ಬರ ಹಿಂದೊಬ್ಬರಂತೆ ಎಂಟು ಮಂದಿ ಕೂರುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದೇ ಹುಟ್ಟು. ವಿಚಿತ್ರವೆಂದರೆ, ಇವರೆಲ್ಲ ಹಿಂಬದಿಗೆ ಮುಖ ಮಾಡಿ ಕೂತಿರುತ್ತಾರೆ. ಗುರಿ ಎಲ್ಲಿದೆ ಎಂಬುದು ಅವರಿಗೆ ಕಾಣುವುದೇ ಇಲ್ಲ! ಮುಂದೆ ನೋಡುವವನು ಒಬ್ಬನೇ. ಅವನು ‘ಕಾಕ್ಸ್’. ಹುಟ್ಟು ಹಾಕದ ಆ ಒಂಬತ್ತನೆಯವನು ದಿಕ್ಕು ಹಿಡಿಯುತ್ತಾನೆ, ಕೂಗಿ ವೇಗ ಹೇಳುತ್ತಾನೆ. ಅವನಿಗೆ ಎದುರಾಗಿ ಕೂತವನು ‘ಸ್ಟ್ರೋಕ್’. ಅವನ ಲಯವೇ ಉಳಿದ ಏಳು ಮಂದಿಯ ಲಯ. ಎಂಟರಲ್ಲಿ ಒಬ್ಬ ಅರೆಕ್ಷಣ ತಡ ಮಾಡಿದರೂ ದೋಣಿ ವಾಲುತ್ತದೆ, ವೇಗ ಕುಸಿಯುತ್ತದೆ. ತಾನೊಬ್ಬನೇ ಮಿಂಚಬೇಕೆನ್ನುವವನಿಗೆ ಇಲ್ಲಿ ಜಾಗವಿಲ್ಲ.

ಅಸ್ಥಿಪಂಜರ ಕಲಿಸಿದ ಪಾಠ

1907ರಲ್ಲಿ ಈ ತಂಡದ ತರಬೇತಿಯ ಹೊಣೆ ಹೊತ್ತ ಹಿರಂ ಕಾನಿಬೇರ್ ಸ್ವತಃ ಎಂದೂ ಸ್ಪರ್ಧೆಯ ದೋಣಿ ನಡೆಸಿದವನಲ್ಲ! ಗೊತ್ತಿಲ್ಲದ್ದನ್ನು ಕಲಿಯಲು ಅವನು ಹಿಡಿದ ದಾರಿ ವಿದ್ಯಾರ್ಥಿಗಳಿಗೆ ಇಷ್ಟವಾದೀತು. ವಿಶ್ವವಿದ್ಯಾನಿಲಯದಿಂದಲೇ ಒಂದು ಅಸ್ಥಿಪಂಜರವನ್ನು ಎರವಲು ತಂದ. ಅದನ್ನು ಕೂರಿಸಿ, ಕೈಗೆ ಪೊರಕೆಯ ಕೋಲು ಕೊಟ್ಟು, ಹುಟ್ಟು ಎಳೆಯುವಾಗ ಯಾವ ಮೂಳೆ ಹೇಗೆ ಚಲಿಸುತ್ತದೆ ಎಂದು ಪರೀಕ್ಷಿಸಿದ. ಹೀಗೆ ರೂಪಿಸಿದ ಅವನ ಶೈಲಿ ಮುಂದೆ ದೇಶದ ಹಲವು ಕಾಲೇಜುಗಳಿಗೆ ಹರಡಿತು. 1917ರಲ್ಲಿ ಪ್ಲಮ್ ಹಣ್ಣಿನ ಮರದಿಂದ ಬಿದ್ದು ಕಾನಿಬೇರ್ ತೀರಿಕೊಂಡ. ಈಗಿನ ದೋಣಿಮನೆಗೆ ಅವನದೇ ಹೆಸರು.

ಅವನು ಮಾಡಿಹೋದ ಇನ್ನೊಂದು ಉಪಕಾರ ಜಾರ್ಜ್ ಪೋಕಾಕ್‌ನನ್ನು ಕರೆತಂದದ್ದು. ಪೋಕಾಕ್ ಇಂಗ್ಲೆಂಡಿನ ಬಡಗಿ. ಅಪ್ಪನೂ ದೋಣಿ ಕಟ್ಟುತ್ತಿದ್ದವನೇ. ಹೊಟ್ಟೆಪಾಡಿಗಾಗಿ ಕೆನಡಾಕ್ಕೆ ಬಂದಿದ್ದ ಅವನನ್ನು ಮತ್ತು ಅವನ ಅಣ್ಣನನ್ನು ಕಾನಿಬೇರ್ 1912ರಲ್ಲಿ ಸಿಯಾಟಲ್ಲಿಗೆ ಕರೆಸಿದ. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಗಾಗಿ ಕಟ್ಟಿದ್ದ ಸೀಪ್ಲೇನ್ ಶೆಡ್ಡು ಆಮೇಲೆ ತಂಡದ ದೋಣಿಮನೆಯಾಯಿತು. ಅದರ ಅಟ್ಟದಲ್ಲಿ ಕೂತು ಪೋಕಾಕ್ ದೇವದಾರು ಜಾತಿಯ ಹಗುರ ಮರದಿಂದ ಕಟ್ಟಿದ ದೋಣಿಗಳು ಅಮೆರಿಕದ ಬಹುಪಾಲು ಕಾಲೇಜುಗಳಿಗೆ ಹೋದವು. 1923ರಲ್ಲಿ ವಾಷಿಂಗ್ಟನ್ ತಂಡ ಪೂರ್ವ ತೀರದ ಪೋಕೀಪ್ಸಿಗೆ ಹೋಗಿ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದಿತು. ಪಶ್ಚಿಮ ತೀರದ ತಂಡವೊಂದಕ್ಕೆ ಅದು ಮೊದಲ ಗೆಲುವು.

ಒಂದೇ ಸ್ವೆಟರ್‌ನ ಹುಡುಗ

1929ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟು ಅಮೆರಿಕವನ್ನು ಹಿಂಡಿಹಾಕಿತು. ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ಆ ದಿನಗಳಲ್ಲಿ, 1933ರಲ್ಲಿ, ಜೋ ರಾಂಟ್ಸ್ ಎಂಬ ಹುಡುಗ ವಿಶ್ವವಿದ್ಯಾನಿಲಯ ಸೇರಿದ. ನಾಲ್ಕರ ಆಸುಪಾಸಿನಲ್ಲಿ ತಾಯಿ ತೀರಿಕೊಂಡಿದ್ದಳು. ಹದಿನೈದು ವರ್ಷವಾಗಿದ್ದಾಗ ತಂದೆ ಎರಡನೆಯ ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟು ಹೋದ; ಇವನನ್ನು ಮಾತ್ರ ಅಲ್ಲೇ ಬಿಟ್ಟ. ಮರ ಕಡಿದು, ಮೀನು ಹಿಡಿದು, ಕೂಲಿ ಮಾಡಿ ಹೊಟ್ಟೆ ಹೊರೆದುಕೊಂಡೇ ಶಾಲೆ ಮುಗಿಸಿದ.

ದೋಣಿ ತಂಡಕ್ಕೆ ಆಯ್ಕೆಯಾದವರಿಗೆ ಕ್ಯಾಂಪಸ್ಸಿನಲ್ಲಿ ಒಂದು ಅರೆಕಾಲಿಕ ಕೆಲಸ ಸಿಗುತ್ತಿತ್ತು. ಜೋ ಆಯ್ಕೆಗೆ ಹೋಗಿದ್ದೇ ಅದಕ್ಕಾಗಿ! ಪದಕದ ಕನಸಿಗಲ್ಲ, ಓದು ನಿಲ್ಲದಿರಲಿ ಎಂದು. ದಿನವೂ ಅದೇ ಹಳೆಯ ಸ್ವೆಟರ್ ಹಾಕಿಕೊಂಡು ಬರುತ್ತಿದ್ದ ಅವನನ್ನು ಸಹಪಾಠಿಗಳು ಗೇಲಿ ಮಾಡುತ್ತಿದ್ದರು. ಆಯ್ಕೆಗೆ ಬಂದಿದ್ದ ನೂರಕ್ಕೂ ಹೆಚ್ಚು ಹುಡುಗರಲ್ಲಿ ಬಹುತೇಕರು ಚಳಿ, ಮಳೆ, ಬೊಬ್ಬೆಯೆದ್ದ ಅಂಗೈಗಳಿಗೆ ಸೋತು ಬಿಟ್ಟುಹೋದರು. ಜೋ ಉಳಿದ. 1935ರ ಬೇಸಿಗೆ ರಜೆಯಲ್ಲಿ ಫೀಸಿನ ಹಣಕ್ಕಾಗಿ ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ಕೆಲಸಕ್ಕೆ ಹೋಗಿ, ಹಗ್ಗಕ್ಕೆ ಜೋತುಬಿದ್ದು ಬಂಡೆ ಕೊರೆದ. ಜೊತೆಗಾರರಲ್ಲೂ ಹಲವರು ಹೀಗೆಯೇ. ಹಾಲಿನ ಡೇರಿಯ ಮನೆಯವನೊಬ್ಬ, ಮರ ಕಡಿಯುವ ಕೆಲಸ ಮಾಡಿದವರು ಕೆಲವರು.

ಆದರೆ ಜೋಗೆ ಒಂದು ತೊಡಕಿತ್ತು. ಹೆತ್ತವರೇ ಬಿಟ್ಟುಹೋದ ಹುಡುಗ ಯಾರನ್ನು ನಂಬಿಯಾನು? ತನ್ನ ಹುಟ್ಟನ್ನು ತಾನೊಬ್ಬನೇ ಎಳೆಯುವವನಂತೆ ಎಳೆಯುತ್ತಿದ್ದ. ಒಂದು ದಿನ ಚೆನ್ನಾಗಿ, ಮರುದಿನ ಕೆಟ್ಟದಾಗಿ. ತರಬೇತುದಾರ ಆಲ್ ಉಲ್‌ಬ್ರಿಕ್ಸನ್ ಅವನನ್ನು ದೋಣಿಯಿಂದ ದೋಣಿಗೆ ಬದಲಾಯಿಸಿ ಸುಸ್ತಾದ. ಕಡೆಗೆ ಅವನಿಗೆ ಬುದ್ಧಿ ಹೇಳಿದವನು ಬಡಗಿ ಪೋಕಾಕ್. ಬೈಯಲಿಲ್ಲ. ಮರದ ಗುಣ ತೋರಿಸುತ್ತಾ, ದೋಣಿ ಕಟ್ಟುವುದನ್ನು ವಿವರಿಸುತ್ತಾ, ಜೊತೆಗಿರುವವರನ್ನು ಪೂರ್ತಿ ನಂಬುವವರೆಗೆ ನೀನು ಒಳ್ಳೆಯ ಹುಟ್ಟುಗಾರನಾಗಲಾರೆ ಎಂಬುದನ್ನು ಮೆಲ್ಲಗೆ ಮನಗಾಣಿಸಿದ. 1936ರ ವಸಂತದಲ್ಲಿ ಜೋ ಮೊದಲ ದೋಣಿಯ ಏಳನೆಯ ಜಾಗದಲ್ಲಿ ಕೂತಾಗ ಆ ದೋಣಿ ಬೇರೆಯೇ ದೋಣಿಯಾಯಿತು.

ಬರ್ಲಿನ್, 14 ಆಗಸ್ಟ್ 1936

ಆ ವರ್ಷ ವಾಷಿಂಗ್ಟನ್ ಹುಡುಗರು ಮೊದಲು ಬದ್ಧ ಪ್ರತಿಸ್ಪರ್ಧಿ ಕ್ಯಾಲಿಫೋರ್ನಿಯಾವನ್ನು ಸೋಲಿಸಿದರು. ಬಳಿಕ ಪೋಕೀಪ್ಸಿಯಲ್ಲಿ ಗೆದ್ದರು. ಪ್ರಿನ್ಸ್‌ಟನ್‌ನಲ್ಲಿ ಒಲಿಂಪಿಕ್ ಆಯ್ಕೆಯನ್ನೂ ಗೆದ್ದರು. ಗೆದ್ದ ಸಂತೋಷ ಇನ್ನೂ ಆರಿರಲಿಲ್ಲ, ಆಗಲೇ ಬಂತು ಸುದ್ದಿ: ಬರ್ಲಿನ್‌ಗೆ ಹೋಗುವ ಖರ್ಚು ನೀವೇ ಭರಿಸಬೇಕು, ಐದು ಸಾವಿರ ಡಾಲರ್ ತನ್ನಿ, ಇಲ್ಲವಾದರೆ ಬೇರೆ ತಂಡ ಹೋಗುತ್ತದೆ! ಫೀಸಿಗೇ ಪರದಾಡುವ ಹುಡುಗರು ಎಲ್ಲಿಂದ ತರಬೇಕು? ಸಿಯಾಟಲ್‌ನ ಪತ್ರಿಕೆಗಳು ಮನವಿ ಮಾಡಿಕೊಂಡವು. ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಊರಿನವರೇ ಚಿಲ್ಲರೆ ಕೂಡಿಸಿ ಕೆಲವೇ ದಿನಗಳಲ್ಲಿ ಆ ಹಣ ಒದಗಿಸಿದರು.

ಬರ್ಲಿನ್ ಸಮೀಪದ ಗ್ರ್ಯೂನೌ ಸರೋವರ. ಹೀಟ್ಸ್‌ನಲ್ಲಿ ದಾಖಲೆ ಸಮಯ ಬರೆದಿದ್ದ ಇವರಿಗೆ ಫೈನಲ್‌ನಲ್ಲಿ ಸಿಕ್ಕಿದ್ದು ಗಾಳಿಯ ಹೊಡೆತ ಹೆಚ್ಚಿದ್ದ ಆರನೆಯ ಲೇನ್. ಜರ್ಮನಿ, ಇಟಲಿಗಳಿಗೆ ದಡದ ಮರೆಯ ಲೇನ್‌ಗಳು. ಸಾಲದೆಂಬಂತೆ ಸ್ಟ್ರೋಕ್ ಡಾನ್ ಹ್ಯೂಮ್ ಜ್ವರದಿಂದ ಹಾಸಿಗೆ ಹಿಡಿದಿದ್ದ. ತರಬೇತುದಾರ ಅವನನ್ನು ಕೈಬಿಡಲು ನಿಶ್ಚಯಿಸಿದಾಗ ಉಳಿದವರು ಪಟ್ಟು ಹಿಡಿದು ಉಳಿಸಿಕೊಂಡರು.

ಅಂದು ಅದಕ್ಕೂ ಮುನ್ನ ನಡೆದ ಆರು ಸ್ಪರ್ಧೆಗಳಲ್ಲಿ ಐದನ್ನು ಜರ್ಮನಿಯೇ ಗೆದ್ದಿತ್ತು. ಹಿಟ್ಲರ್ ನೋಡುತ್ತಿದ್ದ. ಗಾಳಿಯ ಅಬ್ಬರದಲ್ಲಿ ಆರಂಭದ ಸೂಚನೆ ತಿಳಿಯದೆ ವಾಷಿಂಗ್ಟನ್ ದೋಣಿ ತಡವಾಗಿ ಹೊರಟು ಹಿಂದೆ ಬಿತ್ತು. ಎರಡು ಸಾವಿರ ಮೀಟರ್‌ಗಳಲ್ಲಿ ಅರ್ಧ ಕಳೆದರೂ ಹ್ಯೂಮ್ ಕಣ್ಣು ಮುಚ್ಚಿಕೊಂಡೇ ಇದ್ದ. ಕಾಕ್ಸ್ ಬಾಬ್ ಮಾಕ್ ವೇಗ ಹೆಚ್ಚಿಸುವಂತೆ ಕೂಗಿದರೆ ಅವನಿಗೆ ಕೇಳಿಸಿದಂತೆಯೇ ಇರಲಿಲ್ಲ. ಇನ್ನೇನು ಜೋಗೆ ಲಯ ಹಿಡಿಯಲು ಹೇಳಬೇಕು ಎನ್ನುವಾಗ ಹ್ಯೂಮ್ ಕಣ್ಣು ಬಿಟ್ಟ! ಆಮೇಲೆ ಒಂದೊಂದೇ ದೋಣಿಯನ್ನು ಹಿಂದಿಕ್ಕಿದರು. ಪ್ರೇಕ್ಷಕರ ಗದ್ದಲದಲ್ಲಿ ಮಾತು ಕೇಳಿಸದೆ ಮಾಕ್ ದೋಣಿಯ ಬದಿಗೆ ಮರದ ಹಿಡಿ ಬಡಿದು ಲಯ ಹೇಳಿದ. ಅಮೆರಿಕ 6 ನಿಮಿಷ 25.4 ಸೆಕೆಂಡು, ಇಟಲಿ 6 ನಿಮಿಷ 26.0, ಜರ್ಮನಿ 6 ನಿಮಿಷ 26.4. ಮೂರೂ ದೋಣಿಗಳು ಒಂದೇ ಸೆಕೆಂಡಿನೊಳಗೆ!

ಪದಕದ ನಂತರ

ಕ್ಲಬ್ಬಿನ ಗೆಲುವು ಅಲ್ಲಿಗೆ ನಿಲ್ಲಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಾಕ್ಸ್ ಸಹಿತ ನಾಲ್ವರ ಸ್ಪರ್ಧೆಯ ಚಿನ್ನ ವಾಷಿಂಗ್ಟನ್ ಹುಡುಗರದೇ. ಶೀತಲ ಸಮರದ ನಡುವೆ, 1958ರಲ್ಲಿ ಮಾಸ್ಕೋಗೆ ಹೋಗಿ ಸೋವಿಯತ್ ತಂಡವನ್ನು ಅದರ ನೆಲದಲ್ಲೇ ಸೋಲಿಸಿ ಬಂದರು. 1981ರಿಂದ 1985ರವರೆಗೆ ಸತತ ಐದು ವರ್ಷ ಇಲ್ಲಿನ ಹುಡುಗಿಯರು ರಾಷ್ಟ್ರೀಯ ಪ್ರಶಸ್ತಿ ಗೆದ್ದರೆ, 2011ರಿಂದ 2015ರವರೆಗೆ ಹುಡುಗರೂ ಸತತ ಐದು ಗೆದ್ದರು. 1936ರ ಕಥೆಯನ್ನು ಡೇನಿಯಲ್ ಜೇಮ್ಸ್ ಬ್ರೌನ್ 2013ರಲ್ಲಿ ಪುಸ್ತಕವಾಗಿಸಿದರು. 2023ರಲ್ಲಿ ಅದು ಸಿನಿಮಾ ಆಯಿತು.

ಇನ್ನು ನಮ್ಮ ಮೊದಲ ಪ್ರಶ್ನೆ. ಆಟದಿಂದ ಜೋನ ಹೊಟ್ಟೆ ತುಂಬಿತೇ? ಒಲಿಂಪಿಕ್ ಚಿನ್ನ ಅವನಿಗೆ ಸಂಬಳ ಕೊಡಲಿಲ್ಲ. ಅವನು ಕೆಮಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಬೋಯಿಂಗ್ ವಿಮಾನ ಕಂಪನಿಯಲ್ಲಿ ದುಡಿದ. ಚಾರ್ಲ್ಸ್ ಡೇ ವೈದ್ಯನಾದ, ಬಾಬ್ ಮಾಕ್ ವಕೀಲನಾದ. ಅನ್ನ ಕೊಟ್ಟದ್ದು ಓದೇ. ಆದರೆ ಆ ಓದು ಅರ್ಧಕ್ಕೆ ನಿಲ್ಲದಂತೆ ಜೋನನ್ನು ಕಾಲೇಜಿನಲ್ಲಿ ಹಿಡಿದಿಟ್ಟದ್ದು ದೋಣಿ. ಮನುಷ್ಯರನ್ನು ನಂಬುವುದನ್ನು ಅವನಿಗೆ ಮರಳಿ ಕಲಿಸಿದ್ದೂ ಅದೇ. 1986ರಲ್ಲಿ, ಗೆದ್ದು ಐವತ್ತು ವರ್ಷ ತುಂಬಿದಾಗ, ಬದುಕಿ ಉಳಿದಿದ್ದ ಆ ಮುದುಕರು ಮತ್ತೆ ದೋಣಿಯಲ್ಲಿ ಕೂತು ಜೊತೆಯಾಗಿ ಹುಟ್ಟು ಹಾಕಿದರು.

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎನ್ನುತ್ತಾರೆ ನಮ್ಮ ಹಿರಿಯರು. ಆ ಮುಕ್ಕಾಲನ್ನು ತರಗತಿಯಲ್ಲಿ ಮಾತ್ರ ಹುಡುಕಬೇಕಿಲ್ಲ. ವಿದ್ಯಾರ್ಥಿಗಳೇ, ನಿಮ್ಮ ಕಾಲೇಜಿನಲ್ಲಿ ಸರೋವರ ಇಲ್ಲದಿರಬಹುದು, ಒಂದು ಕಬಡ್ಡಿ ಅಂಕಣವಾದರೂ ಇದ್ದೀತು. ಅಪ್ಪ ಅಮ್ಮಂದಿರೇ, ಮುಂದಿನ ಬಾರಿ ಮಕ್ಕಳು ಮೈದಾನದಿಂದ ತಡವಾಗಿ ಬಂದಾಗ ಮಾರ್ಕ್ಸ್ ಕೇಳುವ ಮುನ್ನ, ಇವತ್ತು ಯಾರ ಜೊತೆ ಆಡಿದೆ ಎಂದು ಕೇಳಿ ನೋಡಿ.