ಮನೆಗೆ ಬೀಗ ಬಿದ್ದರೆ ಪೇಟೆ ಮುಗಿಯಿತೇ? ಜನಗಣತಿ ಹೇಳುವುದೇನು?

‘ಮಕ್ಕಳೆಲ್ಲ ಬೆಂಗಳೂರಿಗೆ, ಮನೆಗೆಲ್ಲ ಬೀಗ. ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಇನ್ನು ಭವಿಷ್ಯವಿಲ್ಲ’ ಎಂಬಂಥ ಮಾತು ನಾವು ಆಗಾಗ ಕೇಳುತ್ತೇವೆ. ಇದು ಎಷ್ಟು ನಿಜ?

ಅರ್ಧ ನಿಜ. 2001ರಿಂದ 2011ರವರೆಗೆ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಬೆಳೆಯಿತು, ಉತ್ತರ ಕನ್ನಡ ಜಿಲ್ಲೆಯದು ಶೇ 6ರಷ್ಟು ಮಾತ್ರ. ಬೆಳವಣಿಗೆ ನಿಧಾನ, ಆದರೆ ಜನಸಂಖ್ಯೆ ಇಳಿದಿರಲಿಲ್ಲ.

ಪೇಟೆಯೊಂದು ಚೇತರಿಸಿಕೊಳ್ಳಬಲ್ಲದೇ ಎಂದು ತಿಳಿಯಲು ತಲೆ ಎಣಿಸಿದರೆ ಸಾಲದು. ಜನಗಣತಿಯ ಮೊದಲ ಹಂತವಾದ ಮನೆಪಟ್ಟಿಯನ್ನೂ ನೋಡಬೇಕು. ಅಲ್ಲಿ ಯಾರೂ ವಾಸವಿಲ್ಲದ ಖಾಲಿ ಮನೆ ಬೇರೆ, ಮನೆಯವರು ಹೊರಗೆ ಹೋಗಿ ಬೀಗ ಹಾಕಿದ ಮನೆ ಬೇರೆ. 2011ರಲ್ಲಿ ದೇಶದ ಸುಮಾರು 33 ಕೋಟಿ ಕಟ್ಟಡ-ಮನೆಗಳಲ್ಲಿ 2.46 ಕೋಟಿ ಖಾಲಿ ಇದ್ದವು. ವಾಸವಿರುವ ಮನೆಗಳ ಸ್ಥಿತಿ, ನೀರು, ಶೌಚಾಲಯ, ಚರಂಡಿಯ ಲೆಕ್ಕವೂ ಅದರಲ್ಲಿದೆ.

ಇವನ್ನು ಒಟ್ಟಿಗೆ ಓದಬೇಕು. ಸುತ್ತಮುತ್ತ ನೀರು, ಚರಂಡಿ ಇದ್ದೂ ಮನೆಗಳು ಖಾಲಿಯಿದ್ದರೆ ಅಲ್ಲಿ ಬಾಡಿಗೆದಾರರು, ಅಂಗಡಿ, ಹಾಸ್ಟೆಲ್ ಬರಲು ಅವಕಾಶವಿದೆ. ಸೌಲಭ್ಯವೇ ಇಲ್ಲದಿದ್ದರೆ ಮೊದಲು ಅದು ಬೇಕು.

ಆದರೆ ಮನೆ ಏಕೆ ಖಾಲಿ, ಹಿಸ್ಸೆಯ ತಕರಾರೋ, ಮಗ ವಿದೇಶದಲ್ಲೋ ಎಂಬುದನ್ನು ಜನಗಣತಿ ಹೇಳದು. ಅದನ್ನು ಊರಲ್ಲೇ ಕೇಳಬೇಕು.

2011ರ ಅಂಕಿ ಈಗ ಹಳತು. ಹೊಸ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ‘ಖಾಲಿ ಮನೆ ಎಂದರೆ ತೆರಿಗೆ ಬೀಳುತ್ತದೆ’ ಎಂದು ಹೆದರಬೇಡಿ: 1948ರ ಜನಗಣತಿ ಕಾಯ್ದೆಯಂತೆ ನಿಮ್ಮ ಉತ್ತರ ಗೋಪ್ಯ. ಊರು ಮುಗಿಯಿತೆಂದು ಫಾರ್ವರ್ಡ್ ಮಾಡುವುದಕ್ಕಿಂತ ಸರಿಯಾದ ಉತ್ತರ ಕೊಡುವುದು ಊರಿಗೆ ಹೆಚ್ಚು ಉಪಕಾರ.