ಪೋಪರಿಗೆ ಬೇಡವೆಂದ ಪಾದ್ರಿ

ನಮ್ಮ ಇಗರ್ಜಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಾಗ ಒಂದು ಸಂದೇಶ ಸುತ್ತು ಹೊಡೆಯುತ್ತದೆ. ಮಹಾಸ್ಫೋಟ ಸಿದ್ಧಾಂತ ಕೊಟ್ಟವರು ಒಬ್ಬ ಕಥೋಲಿಕ ಪಾದ್ರಿಯಂತೆ, ಹಾಗಾಗಿ ಆದಿಕಾಂಡದ ಸೃಷ್ಟಿಕಥೆ ವಿಜ್ಞಾನದಿಂದಲೇ ಸಾಬೀತಾಯಿತಂತೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಇದರಲ್ಲಿ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ಆ ಪಾದ್ರಿಯೇ ಒಪ್ಪುತ್ತಿರಲಿಲ್ಲ. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು, ಭಾನುವಾರದ ಪೂಜೆಯಲ್ಲಿ ವಾಚನ ಓದುವವನೂ ಹೌದು. ಎರಡೂ ಕಡೆಯ ಋಣ ಇರುವುದರಿಂದ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಆ ಪಾದ್ರಿಯ ಹೆಸರು ಜಾರ್ಜ್ ಲೆಮೈತ್ರ. 1894ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಸೀಮೆಯ ಶಾರ್ಲರ್ವಾದಲ್ಲಿ ಹುಟ್ಟಿದರು. ಲೂವೆನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಮೊದಲ ಮಹಾಯುದ್ಧ ಬಂತು. ಸ್ವಯಂಸೇವಕನಾಗಿ ಸೇರಿ, ಫಿರಂಗಿ ದಳದಲ್ಲಿ ದುಡಿದು, ಪದಕ ಪಡೆದು ವಾಪಸಾದರು. ಆಮೇಲೆ ಎಂಜಿನಿಯರಿಂಗ್ ಬಿಟ್ಟು ಗಣಿತದಲ್ಲಿ ಡಾಕ್ಟರೇಟ್, ಅದರ ಬೆನ್ನಿಗೇ ಸೆಮಿನರಿ. 1923ರಲ್ಲಿ ಗುರುದೀಕ್ಷೆಯಾಯಿತು. ಅದೇ ವರ್ಷ ಕೇಂಬ್ರಿಜ್‌ಗೆ ಹೋಗಿ ಖಗೋಳಜ್ಞ ಆರ್ಥರ್ ಎಡಿಂಗ್ಟನ್ ಬಳಿ ಕಲಿತರು, ಅಲ್ಲಿಂದ ಅಮೆರಿಕಕ್ಕೆ, ಕೊನೆಗೆ ಲೂವೆನ್‌ನಲ್ಲೇ ಅಧ್ಯಾಪಕರಾದರು.

1927ರಲ್ಲಿ ಬ್ರಸೆಲ್ಸ್‌ನ ಒಂದು ಪತ್ರಿಕೆಯಲ್ಲಿ ಫ್ರೆಂಚ್‌ನಲ್ಲಿ ಅವರ ಪ್ರಬಂಧ ಬಂತು. ಐನ್‌ಸ್ಟೈನ್ ಸಮೀಕರಣಗಳನ್ನು ಹಿಡಿದು ಲೆಕ್ಕ ಹಾಕಿದರೆ ವಿಶ್ವ ನಿಂತಲ್ಲಿ ನಿಲ್ಲುವುದಿಲ್ಲ, ಹಿಗ್ಗುತ್ತದೆ. ದೂರದ ಗ್ಯಾಲಕ್ಸಿಗಳು ನಮ್ಮಿಂದ ದೂರ ಸರಿಯುತ್ತಿರುವಂತೆ ಕಾಣುವುದು ಅದಕ್ಕೇ ಎಂದು ಅವರು ತೋರಿಸಿದರು. ರಷ್ಯಾದ ಅಲೆಕ್ಸಾಂಡರ್ ಫ್ರೀಡ್ಮನ್ 1922ರಲ್ಲೇ ಗಣಿತದ ಮಟ್ಟಿಗೆ ಇಂಥ ಉತ್ತರಗಳನ್ನು ಕಂಡುಕೊಂಡಿದ್ದರು, ಲೆಮೈತ್ರರಿಗೆ ಅದು ಗೊತ್ತಿರಲಿಲ್ಲ. ಆದರೆ ದೂರದರ್ಶಕದಲ್ಲಿ ಅಳೆದ ವೇಗ, ದೂರಗಳನ್ನು ಗಣಿತಕ್ಕೆ ಜೋಡಿಸಿ ಹಿಗ್ಗುವಿಕೆಯ ದರವನ್ನೇ ಲೆಕ್ಕ ಹಾಕಿದ ಮೊದಲಿಗರು ಲೆಮೈತ್ರ. ಅಮೆರಿಕದ ಖಗೋಳಜ್ಞ ಹಬಲ್ ಇದೇ ವಿಷಯದ ತಮ್ಮ ಪ್ರಸಿದ್ಧ ಪ್ರಬಂಧ ಪ್ರಕಟಿಸಿದ್ದು ಎರಡು ವರ್ಷದ ನಂತರ. ಅದೇ 1927ರಲ್ಲಿ ಬ್ರಸೆಲ್ಸ್‌ಗೆ ಬಂದಿದ್ದ ಐನ್‌ಸ್ಟೈನ್, ನಿಮ್ಮ ಲೆಕ್ಕ ಸರಿ, ಭೌತಶಾಸ್ತ್ರ ಮಾತ್ರ ಅಸಹ್ಯ ಎಂಬರ್ಥದ ಮಾತಾಡಿದ್ದರಂತೆ.

1931ರಲ್ಲಿ ಎಡಿಂಗ್ಟನ್ ಒತ್ತಾಸೆಯಿಂದ ಆ ಪ್ರಬಂಧ ಇಂಗ್ಲಿಷಿಗೆ ಬಂತು. ಬಂದಾಗ ಹಿಗ್ಗುವಿಕೆಯ ದರ ಹೇಳುವ ಭಾಗವೇ ಅದರಲ್ಲಿರಲಿಲ್ಲ. ಯಾರೋ ಹಬಲ್‌ಗೆ ಕೀರ್ತಿ ಸಲ್ಲಲೆಂದು ಕತ್ತರಿ ಆಡಿಸಿದ್ದಾರೆ ಎಂಬ ಗುಮಾನಿ ಬಹಳ ಕಾಲ ಇತ್ತು. 2011ರಲ್ಲಿ ಹಳೆಯ ಪತ್ರವೊಂದು ಹೊರಬಂದಾಗ ತಿಳಿಯಿತು: ಅನುವಾದ ಮಾಡಿದ್ದೂ ಲೆಮೈತ್ರರೇ, ಕತ್ತರಿಸಿದ್ದೂ ಅವರೇ. ಅಷ್ಟರಲ್ಲಿ ಹಬಲ್ ಬಳಿ ಹೆಚ್ಚು ಒಳ್ಳೆಯ ಅಳತೆಗಳಿದ್ದವು, ತನ್ನ ಹಳೆಯ ಅಂಕಿಗಳನ್ನು ಮತ್ತೆ ಅಚ್ಚು ಹಾಕಿಸುವುದೇಕೆಂದು ಬಿಟ್ಟಿದ್ದರು. ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದರೆ ವರ್ಷಗಟ್ಟಲೆ ಮಾತು ಬಿಡುವ ಊರಿನವನು ನಾನು. ಇದನ್ನು ಓದಿದಾಗ ನಂಬುವುದೇ ಕಷ್ಟವಾಯಿತು.

ಅವರು ಕತ್ತರಿಸಿದ್ದು ಅಷ್ಟೇ ಅಲ್ಲ. 1931ರ ಮೇ 9ರಂದು 'ನೇಚರ್' ಪತ್ರಿಕೆಯಲ್ಲಿ ಐದುನೂರು ಪದವೂ ಇಲ್ಲದ ಅವರ ಪುಟ್ಟ ಪತ್ರ ಬಂತು. ಹಿಗ್ಗುತ್ತಿರುವುದನ್ನು ಹಿಂದಕ್ಕೆ ಹಿಂದಕ್ಕೆ ನೋಡುತ್ತ ಹೋದರೆ ಎಲ್ಲವೂ ಒಂದೇ ಆದಿಮ ಅಣುವಿನಲ್ಲಿ ಅಡಕವಾಗಿದ್ದಿರಬೇಕು ಎಂಬ ಮಾತು ಮೊದಲು ಬಂದದ್ದು ಅಲ್ಲಿ. ಲೂವೆನ್‌ನಲ್ಲಿ ಉಳಿದಿರುವ ಬೆರಳಚ್ಚು ಪ್ರತಿಯ ಕೊನೆಯಲ್ಲಿ ದೇವರ ಪ್ರಸ್ತಾಪವಿದ್ದ ಒಂದು ಪ್ಯಾರಾ ಇದೆ. ಅದರ ಮೇಲೆ ಗೀಟು ಎಳೆದು, ಅಚ್ಚಿಗೆ ಹೋಗದಂತೆ ಮಾಡಿದ್ದಾರೆ. ಹತ್ತು ವರ್ಷ ಹಿಂದೆ, ಇನ್ನೂ ಸೆಮಿನರಿಯಲ್ಲಿದ್ದ ಹೊತ್ತಿಗೆ, ಇದೇ ಮನುಷ್ಯ ಆದಿಕಾಂಡದ ಮಾತುಗಳಿಗೂ ಭೌತಶಾಸ್ತ್ರಕ್ಕೂ ತಾಳೆ ಹಾಕಿ ಬರೆದಿದ್ದರು. ಆ ದಾರಿಯನ್ನು ತಾವೇ ನಡೆದು ನೋಡಿ, ಬಿಟ್ಟವರು ಅವರು.

ಪಾದ್ರಿಯ ನಿಲುವಂಗಿ ತೊಟ್ಟವನು ವಿಶ್ವಕ್ಕೆ ಒಂದು ಆರಂಭವಿದೆ ಎಂದರೆ ಜನ ಸುಮ್ಮನೆ ಬಿಡುತ್ತಾರೆಯೇ? ಐನ್‌ಸ್ಟೈನ್‌ಗೆ ಅದರಲ್ಲಿ ಸೃಷ್ಟಿವಾದದ ವಾಸನೆ ಹೊಡೆಯಿತು. ತಮಾಷೆಯೆಂದರೆ, ದೈವಭಕ್ತ ಕ್ವೇಕರ್ ಆಗಿದ್ದ ಎಡಿಂಗ್ಟನ್‌ಗೂ ಆರಂಭದ ಕಲ್ಪನೆ ಹಿಡಿಸಲಿಲ್ಲ. ಯಾರು ಯಾವ ದೇವರನ್ನು ನಂಬುತ್ತಾರೆಂದು ನೋಡಿ ಅವರ ವಿಜ್ಞಾನವನ್ನು ಊಹಿಸುವುದು ಎಷ್ಟು ದಂಡ ಎಂಬುದಕ್ಕೆ ಈ ಗುರುಶಿಷ್ಯರೇ ಸಾಕು. ನಾಸ್ತಿಕ ಖಗೋಳಜ್ಞ ಫ್ರೆಡ್ ಹಾಯ್ಲ್ 1948ರಲ್ಲಿ ಸಂಗಡಿಗರೊಂದಿಗೆ ಸ್ಥಿರಸ್ಥಿತಿ ವಿಶ್ವದ ಪ್ರತಿಸಿದ್ಧಾಂತ ಮುಂದಿಟ್ಟರು. ಮಹಾಸ್ಫೋಟಕ್ಕೆ 'ಬಿಗ್ ಬ್ಯಾಂಗ್' ಎಂಬ ಹೆಸರು ಹುಟ್ಟಿದ್ದೂ 1949ರ ಅವರ ಬಿಬಿಸಿ ರೇಡಿಯೋ ಭಾಷಣದಲ್ಲಿ. ಹಾಯ್ಲ್ ಶಿಷ್ಯರಾದ ನಮ್ಮ ಜಯಂತ ನಾರಳೀಕರ್ ದಶಕಗಳ ಕಾಲ ಮಹಾಸ್ಫೋಟವನ್ನು ಪ್ರಶ್ನಿಸುತ್ತಲೇ ಇದ್ದರು. ಅದು ಹಾಗೇ ಇರಬೇಕು. ಸಿದ್ಧಾಂತವೆಂದ ಮೇಲೆ ಅದರ ಜೊತೆ ಜಗಳಾಡುವ ಹಕ್ಕು ಎಲ್ಲರಿಗೂ ಇರಬೇಕು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. 1951ರ ನವೆಂಬರ್ 22ರಂದು ಪೋಪ್ ಹನ್ನೆರಡನೆಯ ಪಿಯುಸ್ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯಲ್ಲಿ ದೊಡ್ಡ ಭಾಷಣ ಮಾಡಿದರು. ವಿಶ್ವಕ್ಕೆ ಕಾಲದಲ್ಲಿ ಒಂದು ಆರಂಭವಿತ್ತೆಂದು ಹೊಸ ವಿಜ್ಞಾನವೇ ತೋರಿಸುತ್ತಿದೆ, ಅದು ಸೃಷ್ಟಿಕರ್ತನತ್ತ ಬೆರಳು ಮಾಡುತ್ತಿದೆ ಎಂಬುದು ಅದರ ಸಾರ. ಕೆಲವು ನೂರು ಕೋಟಿ ವರ್ಷಗಳ ಲೆಕ್ಕವೂ ಅದರಲ್ಲಿತ್ತು. ಬೇರೆ ಯಾವ ಪಾದ್ರಿಯಾದರೂ ಹಿಗ್ಗಿಹೋಗುತ್ತಿದ್ದರೇನೋ. ತನ್ನ ಸಿದ್ಧಾಂತಕ್ಕೆ ಸಾಕ್ಷಾತ್ ಪೋಪರ ಮುದ್ರೆ! ಲೆಮೈತ್ರರಿಗೆ ಮಾತ್ರ ಕಸಿವಿಸಿಯಾಯಿತು. ಅವರು ರೋಮ್‌ಗೆ ಹೋಗಿ, ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕ ಫಾದರ್ ಡೇನಿಯಲ್ ಒಕಾನೆಲ್ ಜೊತೆ ಮಾತಾಡಿ, ಇದು ಮುಂದುವರಿಯುವುದು ಬೇಡವೆಂಬ ಮಾತು ಮೇಲಕ್ಕೆ ತಲುಪುವಂತೆ ನೋಡಿಕೊಂಡರು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. 1952ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧಿವೇಶನ ರೋಮ್‌ನಲ್ಲೇ ನಡೆಯಿತು. ಪೋಪ್ ಆ ವಿಜ್ಞಾನಿಗಳನ್ನು ಉದ್ದೇಶಿಸಿ ಮಾತಾಡಿದರು. ಈ ಸಲ ಮಹಾಸ್ಫೋಟ ದೇವರಿಗೆ ಸಾಕ್ಷಿ ಎಂಬ ಮಾತು ಬರಲಿಲ್ಲ.

ಅದೇ ಅಧಿವೇಶನದಲ್ಲಿ ವಾಲ್ಟರ್ ಬಾಡೆ ಎಂಬ ಖಗೋಳಜ್ಞ ಎದ್ದುನಿಂತು, ಗ್ಯಾಲಕ್ಸಿಗಳ ದೂರವನ್ನು ನಾವು ಇಲ್ಲಿಯವರೆಗೆ ತಪ್ಪಾಗಿ ಅಳೆದಿದ್ದೇವೆ, ನಿಜವಾದ ದೂರ ಅದರ ಎರಡರಷ್ಟು ಎಂದು ಸಾರಿದರು. ದೂರ ಎರಡರಷ್ಟಾದರೆ ವಿಶ್ವದ ವಯಸ್ಸೂ ಎರಡರಷ್ಟು. ಹಬಲ್‌ರ ದರದ ಪ್ರಕಾರ ವಿಶ್ವಕ್ಕೆ ಸುಮಾರು 200 ಕೋಟಿ ವರ್ಷ ಬರುತ್ತಿತ್ತು, ಭೂಮಿಯ ಕಲ್ಲುಗಳೇ ಅದಕ್ಕಿಂತ ಹಳೆಯವು ಎಂಬ ಮುಜುಗರವಿತ್ತು. ಆ ಲೆಕ್ಕ ರೋಮ್‌ನಲ್ಲಿ ಒಂದೇ ದಿನಕ್ಕೆ ಬದಲಾಯಿತು, ಆಮೇಲೂ ಬದಲಾಗುತ್ತ ಇಂದು 1380 ಕೋಟಿ ವರ್ಷಕ್ಕೆ ಬಂದು ನಿಂತಿದೆ. ವಿಜ್ಞಾನ ತನ್ನ ಅಂಕಿಗಳನ್ನು ಹೀಗೆ ನಾಚಿಕೆಯಿಲ್ಲದೆ ತಿದ್ದಿಕೊಳ್ಳುತ್ತದೆ, ಅದರ ಬಲವೇ ಅದು. ಅಂಥದ್ದಕ್ಕೆ ವಿಶ್ವಾಸವನ್ನು ಗಂಟುಹಾಕಿದರೆ ಅಧಿವೇಶನ ನಡೆದಾಗಲೆಲ್ಲ ನಮ್ಮ ಪ್ರಾರ್ಥನೆಯನ್ನೂ ತಿದ್ದಬೇಕಾಗುತ್ತದೆ.

ನಮ್ಮ ಸಭೆಯ ಇತಿಹಾಸದಲ್ಲಿ ಗೆಲಿಲಿಯೋ ಪ್ರಕರಣವಿದೆ. ಅದನ್ನು ಮುಚ್ಚಿಡುವ ಉಮೇದು ನನಗಿಲ್ಲ. 1633ರಲ್ಲಿ ಆದ ಅನ್ಯಾಯವನ್ನು ಪೋಪ್ ಎರಡನೆಯ ಜಾನ್ ಪಾಲ್ 1992ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ತಡವಾಯಿತು, ಬಹಳ ತಡ. ಆದರೆ ವಿಜ್ಞಾನವನ್ನು ಗದರಿಸುವುದು ಒಂದು ಚಟವಾದರೆ, ಅದರಿಂದ ಸರ್ಟಿಫಿಕೇಟ್ ಬೇಡುವುದು ಇನ್ನೊಂದು ಚಟ. ಈಗ ನಮಗೆ ಅಂಟಿಕೊಂಡಿರುವುದು ಎರಡನೆಯದು. 2012ರಲ್ಲಿ ಹಿಗ್ಸ್ ಕಣ ಸಿಕ್ಕಾಗ ಪತ್ರಿಕೆಗಳು 'ದೇವಕಣ' ಎಂದು ಬರೆದದ್ದೇ ತಡ, ಅದು ಪ್ರಸಂಗಪೀಠಕ್ಕೂ ಏರಿತ್ತು. ಹೀಗೆ ಮಾಡುವವರು ಕ್ರೈಸ್ತರು ಮಾತ್ರವೇ ಎಂದು ಓದುಗರು ಕೇಳಬಹುದು. ಅಲ್ಲವೆಂದು ಎಲ್ಲರಿಗೂ ಗೊತ್ತು. ನನ್ನ ಮನೆಯ ಅಂಗಳ ಗುಡಿಸುವ ಹಕ್ಕು ನನಗಿದೆ, ಅಷ್ಟನ್ನು ಮಾಡುತ್ತಿದ್ದೇನೆ.

ಹಾಗಾದರೆ ಲೆಮೈತ್ರರಿಗೆ ವಿಶ್ವಾಸವೂ ವಿಜ್ಞಾನವೂ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕೋಣೆಗಳೇ? ಹಾಗೂ ಅಲ್ಲ. ಪ್ರಕೃತಿಯ ಒಗಟಿಗೆ ಉತ್ತರವಿದೆ ಎಂಬ ಭರವಸೆ ನಂಬುವವನಿಗೆ ಇರುತ್ತದೆ, ಆದರೆ ಅದನ್ನು ಬಿಡಿಸಲು ಅವನ ಕೈಯಲ್ಲಿ ಬೇರೆ ಯಾವ ಉಪಕರಣವೂ ಇರುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಗಣಿತ ತಪ್ಪಿದರೆ ಪಾದ್ರಿಗೂ ತಪ್ಪೇ.

1965ರಲ್ಲಿ ಅಮೆರಿಕದ ಪೆಂಜಿಯಾಸ್, ವಿಲ್ಸನ್ ತಮ್ಮ ಆಂಟೆನಾದಲ್ಲಿ ಎಲ್ಲ ದಿಕ್ಕಿನಿಂದಲೂ ಬರುತ್ತಿದ್ದ ಮಂದ ವಿಕಿರಣವನ್ನು ಗುರುತಿಸಿದರು. ಅದು ವಿಶ್ವದ ಆರಂಭದ ಬಿಸಿಯ ಉಳಿಕೆ, ಮಹಾಸ್ಫೋಟಕ್ಕೆ ಸಿಕ್ಕ ಪುರಾವೆ. ಸುದ್ದಿ ಲೆಮೈತ್ರರಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ ತಲುಪಿತು; 1966ರ ಜೂನ್ 20ರಂದು ತೀರಿಕೊಂಡರು. 2018ರಲ್ಲಿ ಖಗೋಳ ಒಕ್ಕೂಟದ ಸದಸ್ಯರು ಮತ ಹಾಕಿ, ವಿಶ್ವದ ಹಿಗ್ಗುವಿಕೆಯನ್ನು ಹೇಳುವ ಹಬಲ್ ನಿಯಮವನ್ನು ಇನ್ನು ಮುಂದೆ ಹಬಲ್–ಲೆಮೈತ್ರ ನಿಯಮ ಎನ್ನಬೇಕೆಂದು ಶಿಫಾರಸು ಮಾಡಿದರು. ಪಾಠ ಹೇಳುವ ಮೇಷ್ಟ್ರುಗಳು ಎರಡೂ ಹೆಸರು ಹೇಳಲಿ.

ನಮ್ಮ ಫಾದರ್‌ಗಳಲ್ಲಿ, ಗುಂಪಿಗೆ ಸಂದೇಶ ದಾಟಿಸುವ ನನ್ನ ಬಂಧುಗಳಲ್ಲಿ ಒಂದು ವಿನಂತಿ. ಲೆಮೈತ್ರರ ಹೆಸರನ್ನು ಹೆಮ್ಮೆಯಿಂದ ಹೇಳಿ, ಆದರೆ 1952ರಲ್ಲಿ ನಡೆದದ್ದನ್ನೂ ಸೇರಿಸಿ ಹೇಳಿ. ಅದನ್ನು ಬಿಟ್ಟು ಹೇಳಿದರೆ, ಅವರು ಪೋಪರಿಗೇ ಬೇಡವೆಂದದ್ದನ್ನು ಅವರ ಹೆಸರಿನಲ್ಲೇ ಮಾಡಿದಂತಾಗುತ್ತದೆ.